ಕೆಸರುಗಾಲದ ಪರವಾಗಿ

ವರ್ಷವನ್ನು ಪ್ರವಾಸಕ್ಕೆ ತಕ್ಕ ಕಾಲವೆಂದೂ ತಕ್ಕುದಲ್ಲದ ಕಾಲವೆಂದೂ ಎರಡಾಗಿ ಸೀಳಿ, ಮೊದಲನೆಯದಕ್ಕೆ ಮಾತ್ರ ಬೆಲೆ ಕಟ್ಟುವ ಪದ್ಧತಿಯು ಈಗ ಲೋಕದಲ್ಲೆಲ್ಲ ಬೇರೂರಿರುವುದು. ಹೋಟೆಲಿನವರು ಇವುಗಳಿಗೆ ‘ಸೀಸನ್’ ಎಂದೂ ‘ಆಫ್ ಸೀಸನ್’ ಎಂದೂ ಹೆಸರಿಟ್ಟರು. ಜನರು ಆ ಹೆಸರುಗಳನ್ನು ಪಂಚಾಂಗದ ತಿಥಿನಕ್ಷತ್ರಗಳನ್ನು ನಂಬುವಂತೆ ನಂಬಿದರು. ಊರೊಂದು ವರ್ಷದಲ್ಲಿ ಕೆಲವು ವಾರ ಮಾತ್ರ ಊರಾಗಿದ್ದು, ಉಳಿದ ತಿಂಗಳುಗಳಲ್ಲಿ ತೆರೆ ಎಳೆದ ನಾಟಕಶಾಲೆಯಂತೆ ಬರಿದಾಗಿ ಬಿದ್ದಿರುವುದೆಂಬುದು ಈ ನಂಬಿಕೆಯ ತಿರುಳು. ಇದು ಎಷ್ಟು ಪೊಳ್ಳಾದುದೆಂಬುದನ್ನು ಪರೀಕ್ಷಿಸಿ ನೋಡಬೇಕಾದರೆ ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ಸಂಸ್ಥಾನಕ್ಕಿಂತ ಒಳ್ಳೆಯ ಒರೆಗಲ್ಲು ಸಿಕ್ಕಲಾರದು.

ಈ ಹೆಸರು ಕನ್ನಡನಾಡಿನ ಎಷ್ಟೋ ಮನೆಗಳಿಗೆ ಹೊಸತಲ್ಲ. ಮಗನೋ ಮಗಳೋ ಬಾಸ್ಟನ್ ನಗರದಲ್ಲಿ ಉದ್ಯೋಗದಲ್ಲಿದ್ದರೆ, ಅವರನ್ನು ನೋಡಲು ಹೋದ ತಾಯಿತಂದೆಗಳನ್ನು ಅಕ್ಟೋಬರ್ ತಿಂಗಳಲ್ಲಿ ಮೋಟಾರಿನಲ್ಲಿ ಕೂರಿಸಿಕೊಂಡು ವರ್ಮಾಂಟಿನ ಬೆಟ್ಟಗಳಿಗೆ ಕರೆದೊಯ್ಯುವುದು ಈಗ ಒಂದು ಸಂಪ್ರದಾಯವೇ ಆಗಿದೆ. ಮೇಪಲ್ ಮರದ ಎಲೆಗಳು ಕುಂಕುಮದ ಬಣ್ಣಕ್ಕೆ ತಿರುಗಿರುವುದನ್ನು ಅವರು ನೋಡುವರು; ಬಿಳಿಯ ಇಗರ್ಜಿಯ ಮುಂದೆ ನಿಂತು ತೆಗೆಸಿಕೊಂಡ ಚಿತ್ರವು ಮರುದಿನ ಧಾರವಾಡ, ಮೈಸೂರುಗಳ ಬಂಧುಗಳಿಗೆಲ್ಲ ತಲುಪುವುದು. ಅದೇ ತಂದೆಯು ಏಪ್ರಿಲಿನಲ್ಲಿ, “ಮತ್ತೊಮ್ಮೆ ಆ ಕಡೆ ಹೋಗಿ ನಾಲ್ಕು ದಿನ ಇದ್ದು ಬರೋಣವೇ?” ಎಂದು ಕೇಳಿದರೆ ಮಗನು, “ಈಗ ಅಲ್ಲೇನಿದೆ ಅಪ್ಪ? ಬರೀ ಕೆಸರು” ಎನ್ನುವನು. ಮಗನ ಮಾತು ಸುಳ್ಳಲ್ಲ. ಕೆಸರು ಉಂಟು. ವಿವಾದವಿರುವುದು ‘ಬರೀ’ ಎಂಬ ಒಂದು ಶಬ್ದದಲ್ಲಿ ಮಾತ್ರ.

ಮೊದಲು ಆ ಕೆಸರಿನ ಸ್ವರೂಪವನ್ನು ತಿಳಿಯಬೇಕು. ಆಷಾಢದಲ್ಲಿ ಮಲೆನಾಡಿನ ಗದ್ದೆಯ ಬದುವಿನ ಮೇಲೆ ನಡೆದವರಿಗೆ ಕೆಸರಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ವರ್ಮಾಂಟಿನ ಕೆಸರು ಮಳೆಯ ಕೆಸರಲ್ಲ. ಚಳಿಗಾಲದಲ್ಲಿ ಅಲ್ಲಿಯ ನೆಲವು ಮೂರು ನಾಲ್ಕು ಅಡಿಗಳ ಆಳದವರೆಗೂ ಹೆಪ್ಪುಗಟ್ಟಿ ಕಲ್ಲಾಗಿರುವುದು. ಮಾರ್ಚ್ ತಿಂಗಳ ಬಿಸಿಲು ಅದನ್ನು ಮೇಲಿನಿಂದ ಕರಗಿಸತೊಡಗುವುದೇ ಹೊರತು ಕೆಳಗಿನ ಪದರ ಇನ್ನೂ ಮಂಜುಗಡ್ಡೆಯಾಗಿಯೇ ಇರುವುದು. ಕರಗಿದ ಹಿಮದ ನೀರು ಕೆಳಗೆ ಇಂಗಲಾರದೆ ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿಯೇ ನಿಂತು, ಆ ಮಣ್ಣು ಅಂಬಲಿಯಂತಾಗುವುದು. ಸಂಸ್ಥಾನದ ರಸ್ತೆಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವು ಡಾಂಬರು ಕಾಣದ ಮಣ್ಣಿನ ರಸ್ತೆಗಳಾದುದರಿಂದ ಮಾರ್ಚ್ ಕೊನೆಯಿಂದ ಮೇ ಮೊದಲ ವಾರದವರೆಗೆ ಬಂಡಿಯ ಚಕ್ರಗಳು ಅಚ್ಚಿನವರೆಗೂ ಹೂತುಹೋಗುವ ಪ್ರಸಂಗಗಳು ದಿನನಿತ್ಯದವು. ಭಾರವಾದ ಲಾರಿಗಳು ಓಡಬಾರದೆಂದು ಗ್ರಾಮದವರು ರಸ್ತೆಯ ತುದಿಯಲ್ಲಿ ಹಲಗೆ ನೆಡುವರು. 2022ರ ವಸಂತದಲ್ಲಿ ಈ ಹಾವಳಿ ಮಿತಿಮೀರಿ, ಶಾಲೆಯ ಬಸ್ಸುಗಳು ಎಷ್ಟೋ ರಸ್ತೆಗಳಿಗೆ ಕಾಲಿಡಲಾರದೆ ಹೋದವು. ನಾಲ್ಕು ಋತುಗಳ ದೇಶದಲ್ಲಿ ಇದಕ್ಕೆ ಐದನೆಯ ಋತುವೆಂದೇ ಹೆಸರು ಬಿದ್ದಿದೆ: ‘ಮಡ್ ಸೀಸನ್’, ಅಂದರೆ ಕೆಸರುಗಾಲ. ರಾಬರ್ಟ್ ಫ್ರಾಸ್ಟ್ ಕವಿಯು ತನ್ನ ಒಂದು ಪದ್ಯದ ತಲೆಬರಹದಲ್ಲಿಯೇ ಈ ಕಾಲದ ಹೆಸರನ್ನು ಸೇರಿಸಿ, 1936ರ ಸಂಗ್ರಹದಲ್ಲಿ ಅಚ್ಚುಮಾಡಿಸಿದನು.

ಹೀಗಿರುವಾಗ ಅಂಥ ಕಾಲದಲ್ಲಿ ವಿಶ್ರಾಂತಿಗೆಂದು ಅಲ್ಲಿಗೆ ಹೋಗುವುದು ಹುಚ್ಚಲ್ಲವೇ ಎಂದು ಕೇಳತಕ್ಕವರು ಮೊದಲು ಅಕ್ಟೋಬರಿನ ವಿಶ್ರಾಂತಿ ಎಂಥದೆಂಬುದನ್ನು ವಿಚಾರಿಸಲಿ. ಪಾಂಫ್ರೆಟ್ ಎಂಬುದು ಸಾವಿರಕ್ಕೂ ಕಡಿಮೆ ಜನವಿರುವ ಒಂದು ಗ್ರಾಮ. ಅಲ್ಲಿಯ ಒಂದು ಇಕ್ಕಟ್ಟಾದ ಮಣ್ಣಿನ ರಸ್ತೆಯಲ್ಲಿ ಒಂದು ಹೊಲಮನೆಯು ಬಹು ಸುಂದರವಾಗಿ ಕಾಣುವುದೆಂಬ ಸುದ್ದಿ ಚಿತ್ರಗಳ ಮೂಲಕ ಹರಡಿ, ಎಲೆ ಹಣ್ಣಾಗುವ ಕಾಲಕ್ಕೆ ಮೋಟಾರುಗಳು ಸಾಲುಗಟ್ಟಿ ನಿಂತವು. ಬಂದವರು ಬೇಲಿ ದಾಟಿದರು, ಚಿತ್ರಕ್ಕೊಪ್ಪುವ ಉಡುಪು ಬದಲಾಯಿಸಲು ದಾರಿಯ ಬದಿಯಲ್ಲಿಯೇ ಮರೆ ಕಟ್ಟಿಕೊಂಡರು, ಬಂಡಿಗಳನ್ನು ಚರಂಡಿಗಿಳಿಸಿದರು. ಕೊನೆಗೆ 2023ರಲ್ಲಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಆ ರಸ್ತೆಯನ್ನು ಹೊರಗಿನವರಿಗೆ ಮುಚ್ಚಬೇಕಾಯಿತು. ಇದು ‘ತಕ್ಕ ಕಾಲ’ದ ಫಲ! ಮೌನವನ್ನು ಹುಡುಕಿಕೊಂಡು ಬಂದವರೇ ಸಂತೆ ಕಟ್ಟಿದರು. ಗ್ರಾಮದ ಸೊಬಗನ್ನು ಕಾಣಬಂದವರಿಗೆ ಗ್ರಾಮಸ್ಥರೇ ಅಡ್ಡಿಯಾಗಿ ಕಂಡರು. ಈ ಜನರಿಗೆ ಬೇಕಾದುದು ಊರಲ್ಲ, ಊರಿನ ಚಿತ್ರ. ಚಿತ್ರವೇ ಸಾಕಾದರೆ ಅದು ಮನೆಯಲ್ಲಿ ಕುಳಿತಲ್ಲಿಯೇ ದೊರೆಯುವುದಲ್ಲ!

ಇನ್ನು ಏಪ್ರಿಲಿನಲ್ಲಿ ಅಲ್ಲೇನಿದೆ ಎಂಬ ಪ್ರಶ್ನೆ. ಮೊದಲನೆಯದಾಗಿ ಅಲ್ಲಿ ಆಲೆಮನೆ ಇದೆ. ಮಂಡ್ಯದ ಕಡೆಯವರಿಗೆ ಈ ಮಾತು ಆಶ್ಚರ್ಯ ತಂದೀತು. ಆದರೆ ಮೇಪಲ್ ಪಾಕವನ್ನು ಕಾಯಿಸುವ ಗುಡಿಸಲಿಗೆ ಇದಕ್ಕಿಂತ ಒಪ್ಪುವ ಹೆಸರು ಕನ್ನಡದಲ್ಲಿಲ್ಲ. ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಅದು ಕರಗುವಷ್ಟು ಬಿಸಿಲು, ಈ ಎರಡೂ ಕೂಡಿದ ದಿನಗಳಲ್ಲಿ ಮಾತ್ರ ಮೇಪಲ್ ಮರದಲ್ಲಿ ಕೊರೆದ ಸಣ್ಣ ತೂತಿನಿಂದ ನೀರಿನಂತೆ ತಿಳಿಯಾದ ರಸ ಒಸರುವುದು. ರಸ್ತೆಯನ್ನು ಕೆಡಿಸುವ ಹವೆಯೂ ರಸವನ್ನು ಕೊಡುವ ಹವೆಯೂ ಒಂದೇ. ನಲವತ್ತು ಗ್ಯಾಲನ್ ರಸವನ್ನು ಕುದಿಸಿ ಇಳಿಸಿದರೆ ಒಂದು ಗ್ಯಾಲನ್ ಪಾಕವಾಗುವುದು. ಅಗಲವಾದ ಕೊಪ್ಪರಿಗೆಯ ಕೆಳಗೆ ಸೌದೆ ಉರಿಯುತ್ತಿರುವುದು. ಗುಡಿಸಲಿನ ಮಾಳಿಗೆಯ ಬಾಯಿಯಿಂದ ಆವಿ ಮೋಡದಂತೆ ಹೊರಡುವುದು. ರಸ ಹೆಚ್ಚು ಇಳಿದ ದಿನ ಒಡೆಯನಿಗೆ ರಾತ್ರಿಯೆಲ್ಲ ನಿದ್ರೆಯಿಲ್ಲ. ಈಗ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ ಹಾಯಿಸಿ ಯಂತ್ರದಿಂದ ಅರ್ಧ ನೀರನ್ನು ಮೊದಲೇ ಸೋಸಿ ತೆಗೆಯುವವರೂ ಇದ್ದಾರೆಂಬುದು ನಿಜ. ಆದರೂ ಅಮೆರಿಕದಲ್ಲಿ ತಯಾರಾಗುವ ಮೇಪಲ್ ಪಾಕದಲ್ಲಿ ಸುಮಾರು ಅರ್ಧಭಾಗ ಈ ಪುಟ್ಟ ಸಂಸ್ಥಾನದ್ದೇ. ಅದು ಆಗುವುದೂ ‘ಏನೂ ಇಲ್ಲದ’ ಈ ಕೆಲವು ವಾರಗಳಲ್ಲಿಯೇ. ಆಲೆಮನೆಯ ಬಾಗಿಲಲ್ಲಿ ನಿಂತವನನ್ನು ಬೆಲ್ಲದವನು ಹೇಗೆ ಬರಿಗೈಯಲ್ಲಿ ಕಳಿಸನೋ ಹಾಗೆಯೇ ಅಲ್ಲಿಯೂ ಬಂದವರಿಗೆ ಸತ್ಕಾರವುಂಟು. ಕುದಿಯುವ ಪಾಕವನ್ನು ಶುಭ್ರವಾದ ಹಿಮದ ಮೇಲೆ ಸುರಿದು, ಅದು ಜಿಗುಟಾಗಿ ಗಟ್ಟಿಯಾದಾಗ ಸುತ್ತಿ ತೆಗೆದು ತಿನ್ನುವರು. ಸಿಹಿ ಮುಖಕ್ಕೆ ಹೊಡೆದೀತೆಂದು ನಡುನಡುವೆ ಸೌತೆಯ ಉಪ್ಪಿನಕಾಯಿ ಕಚ್ಚುವರು. ಅಕ್ಟೋಬರಿನಲ್ಲಿ ಇದೇ ಪಾಕವನ್ನು ಸೀಸೆಯಲ್ಲಿ ಕೊಂಡುಹೋಗುವವನಿಗೆ ಉಪ್ಪಿನಕಾಯಿಯ ಸಂಗತಿ ತಿಳಿಯುವುದೇ ಇಲ್ಲ.

ಎರಡನೆಯದಾಗಿ ಕಪ್ಪೆಗಳು. ನಗೆಯಾಡಬೇಕಾದ ಮಾತಲ್ಲ. ಅಲ್ಲಿಯ ಕಾಡುಕಪ್ಪೆಯೊಂದು ಚಳಿಗಾಲವನ್ನೆಲ್ಲ ತರಗೆಲೆಯ ಕೆಳಗೆ ಹೆಪ್ಪುಗಟ್ಟಿಯೇ ಕಳೆಯುವುದು. ಅದರ ಹೃದಯದ ಬಡಿತವೂ ಆಗ ನಿಂತಿರುವುದು. ನೆಲ ಕರಗಿದೊಡನೆ ಅದೂ ಕರಗಿ, ಎದ್ದು, ನೀರಿನ ಹೊಂಡವನ್ನು ಹುಡುಕಿಕೊಂಡು ಹೊರಡುವುದು. ಹೆಬ್ಬೆರಳಿನ ಉಗುರಿನಷ್ಟು ಗಾತ್ರದ ಇನ್ನೊಂದು ಜಾತಿಯು ಸಾವಿರ ಸಂಖ್ಯೆಯಲ್ಲಿ ಕೂಡಿ ಸಿಳ್ಳಿನಂಥ ಸ್ವರವೆತ್ತಿದರೆ ಅರ್ಧ ಮೈಲಿಯ ದೂರಕ್ಕೂ ಕೇಳುವುದು. ವಸಂತದ ಮೊದಲನೆಯ ಬೆಚ್ಚನೆಯ ಮಳೆ ಬಿದ್ದ ರಾತ್ರಿ ಈ ಕಪ್ಪೆಗಳೂ ಹಳದಿಚುಕ್ಕೆಯ ಸಾಲಮ್ಯಾಂಡರ್ ಎಂಬ ಹಲ್ಲಿಯ ಆಕಾರದ ಜೀವಿಗಳೂ ಕಾಡಿನಿಂದ ಹೊಂಡಗಳಿಗೆ ಹೋಗುವಾಗ ರಸ್ತೆಯನ್ನು ದಾಟುವವು; ಮೋಟಾರಿನ ಗಾಲಿಗೆ ಸಿಕ್ಕದಿರಲೆಂದು ಗ್ರಾಮದ ಮಕ್ಕಳೂ ಹಿರಿಯರೂ ದೀಪ ಹಿಡಿದು ನಿಂತು ಒಂದೊಂದನ್ನೇ ಕೈಯಲ್ಲೆತ್ತಿ ಆಚೆ ಬಿಡುವರು. ಇದನ್ನು ನೋಡಲು ಟಿಕೆಟಿಲ್ಲ, ದಿನಾಂಕವನ್ನು ಮೊದಲೇ ಗೊತ್ತುಮಾಡಲು ಬರುವುದಿಲ್ಲ. ಊರಿನಲ್ಲಿ ಸುಮ್ಮನೆ ಇದ್ದವನಿಗೆ ದೊರೆಯುವುದು, ನೋಡಿ ಹೋಗಲು ಬಂದವನಿಗೆ ದೊರೆಯದು.

ಈ ‘ಸುಮ್ಮನೆ ಇರುವುದು’ ಎಂಬುದೇ ಪ್ರತಿಪಕ್ಷದವರಿಗೆ ಅರ್ಥವಾಗದ ಮಾತು. ವಿಶ್ರಾಂತಿಯೆಂದರೆ ಕೆಲಸದಿಂದ ಬಿಡುಗಡೆಯೆಂದು ಅವರು ತಿಳಿದಿರುವರೇ ಹೊರತು ನೋಟದಿಂದಲೂ ಬಿಡುಗಡೆ ಬೇಕೆಂಬುದನ್ನು ತಿಳಿದಿಲ್ಲ. ಒಂಬತ್ತು ಗಂಟೆಗೆ ಜಲಪಾತ, ಹನ್ನೊಂದಕ್ಕೆ ಮುಚ್ಚುಸೇತುವೆ, ಒಂದಕ್ಕೆ ಊಟ, ಎರಡಕ್ಕೆ ಗಿಣ್ಣಿನ ಕಾರ್ಖಾನೆ ಎಂದು ಪಟ್ಟಿ ಹಾಕಿಕೊಂಡು ಓಡುವವನು ಕಚೇರಿಯ ದಿನಚರಿಯನ್ನೇ ಬೆಟ್ಟಕ್ಕೆ ಹೊತ್ತುಕೊಂಡು ಬಂದವನು. ನೋಡಬೇಕಾದುದು ಎದುರಿಗಿರುವವರೆಗೂ ಮನುಷ್ಯನು ಅದನ್ನು ಬಿಟ್ಟು ಒಲೆಯ ಬಳಿ ಕೂರಲಾರನು, ಬಿಟ್ಟರೆ ನಷ್ಟವೆಂದೆನಿಸುವುದು. ಮರಗಳು ಬೋಳಾಗಿ, ಆಕಾಶ ಬೂದಿಯ ಬಣ್ಣವಾಗಿ, ರಸ್ತೆ ನಡೆಯಗೊಡದಿರುವಾಗ ಆ ನಷ್ಟದ ಭಯ ತಾನಾಗಿಯೇ ಬಿಟ್ಟುಹೋಗುವುದು. ಮುಂಬಯಿಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗನು 1892ರಿಂದ 1896ರವರೆಗೆ ಹೆಂಡತಿಯ ಊರಾದ ವರ್ಮಾಂಟಿನ ಬ್ರಾಟಲ್‌ಬರೋ ಬಳಿ ನೆಲೆಸಿದ್ದನು. (ಅವನ ರಾಜಕೀಯವು ಭಾರತೀಯರಿಗೆ ರುಚಿಸತಕ್ಕದ್ದಲ್ಲ; ಅದು ಬೇರೆ ಮಾತು.) ಅವನು ಮೊದಲು ಬಾಡಿಗೆಗೆ ಹಿಡಿದ ಮನೆಯ ಬರೆಯುವ ಕೋಣೆ ಏಳಡಿಗೆ ಎಂಟಡಿ, ಡಿಸೆಂಬರಿನಿಂದ ಏಪ್ರಿಲಿನವರೆಗೆ ಕಿಟಕಿಯ ಅಂಚಿಗೆ ಸಮನಾಗಿ ಹಿಮ ನಿಂತಿತ್ತೆಂದು ಆತ್ಮಕಥೆಯಲ್ಲಿ ತಾನೇ ಹೇಳಿಕೊಂಡಿರುವನು. ಮಧ್ಯಭಾರತದ ಸಿಯೋನಿಯ ಕಾಡೂ ಅಲ್ಲಿ ತೋಳಗಳ ನಡುವೆ ಬೆಳೆದ ಮೌಗ್ಲಿಯೂ ಹುಟ್ಟಿದುದು ಆ ಕೋಣೆಯ ನಿಶ್ಶಬ್ದದಲ್ಲಿ. ಆ ಪುಸ್ತಕವು 1894ರಲ್ಲಿ ಹೊರಬಂದಿತು. ಹೊರಗೆ ನೋಡಲು ಏನೂ ಇಲ್ಲದಿದ್ದುದೇ ಒಳಗೆ ಕಾಣುವುದಕ್ಕೆ ಕಾರಣವಾಯಿತೆಂದರೆ ತಪ್ಪಾಗದು. ಎಲ್ಲರೂ ಕಿಪ್ಲಿಂಗರಾಗಬೇಕಾಗಿಲ್ಲ. ಬಹುದಿನದಿಂದ ಓದದೆ ಬಿಟ್ಟ ಒಂದು ಪುಸ್ತಕ, ಹೆಂಡತಿಯೊಡನೆ ಅರ್ಧಕ್ಕೆ ನಿಂತ ಒಂದು ಮಾತು, ಹಗಲು ಒಂದು ಗಂಟೆಯ ನಿದ್ರೆ, ಇಷ್ಟೇ ದೊರೆತರೂ ಗೃಹಸ್ಥನಿಗೆ ಲಾಭವೇ.

ಇನ್ನೊಂದು ಕಡೆಯಿಂದ ಬರುವ ಆಕ್ಷೇಪವು ಇದಕ್ಕಿಂತ ತೂಕವುಳ್ಳದ್ದು. “ಆರು ತಿಂಗಳು ಅತಿಥಿಗಳ ಕಾಟವನ್ನು ಸಹಿಸಿದ ಜನಕ್ಕೆ ಈ ಆರು ವಾರವಾದರೂ ಬಿಡುವು ಬೇಡವೇ? ಹೋಟೆಲಿನವರು ಬಾಗಿಲಿಕ್ಕಿ ಆಳುಗಳಿಗೆ ರಜೆ ಕೊಡುವುದು ಆಗಲೇ. ಅವರ ಕೆಸರಿಗೂ ಹೊರಗಿನವನು ಪಾಲಿಗೆ ಬರಬೇಕೇ?” ಎಂಬುದು ಆ ಆಕ್ಷೇಪ. ಇದನ್ನು ಹೇಳತಕ್ಕವರು ಸಹೃದಯರು. ಆದರೆ ಅವರ ಮಾತು ಪೂರ್ತಿ ಸರಿಯಲ್ಲ. ಮುಚ್ಚಿದ ಬಾಗಿಲನ್ನು ತಟ್ಟೆಂದು ಯಾರೂ ಹೇಳುತ್ತಿಲ್ಲ. ಕೆಲವು ಮನೆಗಳು, ಕೆಲವು ಸಣ್ಣ ಹೋಟೆಲುಗಳು ಆಗಲೂ ತೆರೆದಿರುವವು. ಏಪ್ರಿಲಿನ ಬಾಡಿಗೆ ಅವರಿಗೆ ಬೇಕಾಗಿಯೇ ಇರುವುದು. ಅಕ್ಟೋಬರಿನ ಹತ್ತು ಸಾವಿರ ಅಪರಿಚಿತರಿಗಿಂತ ಏಪ್ರಿಲಿನ ಹತ್ತು ಮಂದಿ ಅತಿಥಿಗಳು ಊರಿಗೆ ಹಗುರ; ಅವರ ಹೆಸರನ್ನಾದರೂ ಕೇಳಲು ಅಂಗಡಿಯವನಿಗೆ ಪುರುಸೊತ್ತು ಇರುವುದು. ನಿಜವಾದ ಹೊರೆಯೆಂದರೆ ವರ್ಷದ ಬಹುಭಾಗ ಬೀಗ ಹಾಕಿರುವ ಧನಿಕರ ಎರಡನೆಯ ಮನೆಗಳು. ಇಂಥ ಮನೆಗಳ ಪ್ರಮಾಣವು ಅಮೆರಿಕದ ಸಂಸ್ಥಾನಗಳಲ್ಲೆಲ್ಲ ಅತಿ ಹೆಚ್ಚಾಗಿರುವ ಕಡೆಗಳಲ್ಲಿ ವರ್ಮಾಂಟೂ ಒಂದು. ಆ ಬೀಗಗಳ ಬಗ್ಗೆ ಮೌನವಾಗಿದ್ದು, ನಾಲ್ಕು ದಿನದ ಅತಿಥಿಗೆ ಬೋಧಿಸುವುದು ನ್ಯಾಯವಲ್ಲ.

ಮೂರನೆಯ ಪಕ್ಷದವರೊಬ್ಬರಿದ್ದಾರೆ, ಇವರೇ ಅತಿ ಅಪಾಯದವರು. ಒಮ್ಮೆ ಹೂತುಹೋದ ಬಂಡಿಯನ್ನು ರೈತನ ಟ್ರಾಕ್ಟರಿನಿಂದ ಎಳೆಸಿಕೊಂಡು, ಉಟ್ಟ ಬಟ್ಟೆ ಕೆಸರಾಗಿ, “ಇಷ್ಟು ಐಶ್ವರ್ಯದ ದೇಶದಲ್ಲಿ ಇವೆಲ್ಲಕ್ಕೂ ಡಾಂಬರು ಹಾಕಬಾರದೇ?” ಎನ್ನುವವರು ಇವರು. ಹಾಕಬಹುದು. ಹಾಕಿದರೆ ಏನಾಗುವುದೆಂಬುದನ್ನೂ ಹೇಳಬೇಕು. ಡಾಂಬರು ಹಾಕಿದ ರಸ್ತೆಯಲ್ಲಿ ಬಂಡಿಗಳು ಇಮ್ಮಡಿ ವೇಗದಲ್ಲಿ ಓಡುವವು. ಹೆಪ್ಪುಗಟ್ಟಿ ಉಬ್ಬುವ ನೆಲದ ಮೇಲೆ ಆ ಡಾಂಬರು ಬಿರುಕುಬಿಟ್ಟರೆ ಅದನ್ನು ಮತ್ತೆ ಮತ್ತೆ ಹಾಕುವ ಖರ್ಚು ಸಣ್ಣ ಗ್ರಾಮಕ್ಕೆ ಎಟುಕದು. ರಸ್ತೆ ಸುಗಮವಾದೊಡನೆ ಬೆಟ್ಟದ ಮೇಲೆ ಮನೆ ಕಟ್ಟುವವರ ಸಾಲು ಮೊದಲಾಗುವುದು. 2020ರ ಜನಗಣತಿಯಲ್ಲಿ ಇಡೀ ಸಂಸ್ಥಾನದ ಜನಸಂಖ್ಯೆ 6,43,077 ಮಾತ್ರ. ಆ ವಿರಳತೆಯನ್ನೂ ಆ ಮೌನವನ್ನೂ ಕಾದುಕೊಂಡಿರುವುದರಲ್ಲಿ ಕೆಸರಿನ ಪಾಲು ಸಣ್ಣದಲ್ಲ. ಅಕ್ಟೋಬರಿನಲ್ಲಿ ಹಣ್ಣೆಲೆ ಉದುರಿದ ಮಣ್ಣುದಾರಿಯ ಸೊಬಗನ್ನು ಮೆಚ್ಚುವವನು ಏಪ್ರಿಲಿನ ಕೆಸರನ್ನು ಒಲ್ಲೆನೆಂದರೆ, ಹಸುವಿನ ಹಾಲು ಬೇಕು, ಸೆಗಣಿ ಬೇಡವೆಂದಂತೆ.

ಅಲ್ಲಿಯ ಜನರು ಇದನ್ನು ಅರಿಯದವರಲ್ಲ. ಮಾರ್ಚ್ ತಿಂಗಳ ಮೊದಲನೆಯ ಮಂಗಳವಾರ ಗ್ರಾಮಸಭೆ ಸೇರಿಸುವುದು ಆ ಸಂಸ್ಥಾನದ ಹಳೆಯ ವಾಡಿಕೆ. ಈಗ ಹಲವು ಊರುಗಳು ಮತಪತ್ರದ ದಾರಿ ಹಿಡಿದಿದ್ದರೂ, ಉಳಿದೆಡೆ ಜನರು ಇಂದಿಗೂ ಒಂದೇ ಕೊಠಡಿಯಲ್ಲಿ ಕುಳಿತು, ಬರುವ ವರ್ಷ ರಸ್ತೆಗೆಷ್ಟು ಜಲ್ಲಿ, ಶಾಲೆಗೆಷ್ಟು ಹಣ ಎಂಬುದನ್ನು ಕೈಯೆತ್ತಿ ತೀರ್ಮಾನಿಸುವರು. 1936ರ ಮಾರ್ಚ್ ತಿಂಗಳ ಆ ದಿನವೇ ಅವರ ಮುಂದೆ ಒಂದು ದೊಡ್ಡ ಪ್ರಶ್ನೆ ಬಂದಿತು. ಸಂಸ್ಥಾನದ ಉದ್ದಕ್ಕೂ ಹಸಿರುಬೆಟ್ಟಗಳ ಮೇಲೆ ಸುಮಾರು 260 ಮೈಲಿಯ ಒಂದು ವಿಹಾರದ ರಸ್ತೆಯನ್ನು ಕಟ್ಟುವ ಯೋಜನೆ ಅದು. ಖರ್ಚಿನ ಬಹುಭಾಗವನ್ನು ಕೇಂದ್ರ ಸರಕಾರವೇ ವಹಿಸುವುದಿತ್ತು. ದೇಶವೆಲ್ಲ ಕೆಲಸವಿಲ್ಲದೆ ಕಂಗೆಟ್ಟಿದ್ದ ಕಾಲ. ಆದರೂ ವರ್ಮಾಂಟಿನ ಮತದಾರರು ಅದನ್ನು ಬೇಡವೆಂದರು. ಎಲ್ಲರ ಕಾರಣವೂ ಒಂದೇ ಆಗಿರಲಿಲ್ಲ; ಕೇಂದ್ರದವರ ಕೈ ಊರೊಳಗೆ ಬರುವುದೆಂಬ ಸಂಶಯ ಕೆಲವರದು, ಬೆಟ್ಟ ಕೆಡುವುದೆಂಬ ಚಿಂತೆ ಕೆಲವರದು. ಕಾರಣ ಯಾವುದಾದರೂ ಇರಲಿ, ಇಂದು ಆ ಬೆಟ್ಟದ ಸಾಲಿನ ಮೇಲೆ 272 ಮೈಲಿಯ ಕಾಲುದಾರಿಯೇ ಉಳಿದಿರುವುದು, ಮೋಟಾರುದಾರಿಯಿಲ್ಲ. 1968ರಲ್ಲಿ ರಸ್ತೆಬದಿಯ ಜಾಹೀರಾತಿನ ಹಲಗೆಗಳನ್ನೂ ಅವರು ಕಾನೂನಿನಿಂದ ನಿಷೇಧಿಸಿದರು. ಇಂಥವರ ರಸ್ತೆಗಳು ಕೆಸರಾಗಿದ್ದರೆ ಅದು ಅವರ ದಡ್ಡತನವೆಂದು ಎರಡು ದಿನದ ಅತಿಥಿಯು ತೀರ್ಪು ಕೊಡತಕ್ಕದ್ದಲ್ಲ.

ಆದರೆ ಕೆಸರುಗಾಲಕ್ಕೆ ಹೋಗುವವನಿಗೂ ಕಟ್ಟುಪಾಡುಗಳುಂಟು; ಇವನ್ನು ಹೇಳದೆ ಅದರ ಪರವಾಗಿ ವಾದಿಸುವುದು ಅರ್ಧ ಸತ್ಯ. ಬೆಟ್ಟದ ಕಾಲುದಾರಿಗಳನ್ನು ಆಗ ತುಳಿಯಬಾರದು. ಹಿಮ ಕರಗಿ ನೆನೆದ ಮಣ್ಣಿನ ಮೇಲೆ ಬಿದ್ದ ಒಂದೊಂದು ಹೆಜ್ಜೆಯೂ ಗುಂಡಿಯಾಗಿ, ಅದನ್ನು ತಪ್ಪಿಸಲು ಪಕ್ಕದಲ್ಲಿ ನಡೆದವರಿಂದ ದಾರಿ ಅಗಲವಾಗಿ, ಬೆಟ್ಟದ ತುದಿಯ ಸೂಕ್ಷ್ಮವಾದ ಸಸ್ಯಗಳು ನಾಶವಾಗುವವು. 1910ರಲ್ಲಿ ಸ್ಥಾಪಿತವಾದ ಗ್ರೀನ್ ಮೌಂಟನ್ ಕ್ಲಬ್ ಎಂಬ ಸಂಘವು ಪ್ರತಿ ವರ್ಷವೂ ಮೇ ಕೊನೆಯವರೆಗೆ ಎತ್ತರದ ದಾರಿಗಳಿಂದ ದೂರವಿರಬೇಕೆಂದು ಬೇಡಿಕೊಳ್ಳುವುದು. ಮ್ಯಾನ್ಸ್‌ಫೀಲ್ಡ್ ಮೊದಲಾದ ಶಿಖರಗಳ ದಾರಿಗಳನ್ನು ಸರಕಾರದವರೇ ಮುಚ್ಚುವರು. ಮಣ್ಣಿನ ರಸ್ತೆಯಲ್ಲಿಯೂ ದಾರಿ ತೋರುವ ಯಂತ್ರದ ಮಾತು ನಂಬಿ ಮೋಟಾರು ನುಗ್ಗಿಸಬಾರದು. ಅಲ್ಲಿ ಹೂತ ಒಂದು ಬಂಡಿಯು ಹಾಲಿನ ಲಾರಿಯನ್ನೂ ರೋಗಿಗಾಗಿ ಬರುವ ಆಂಬುಲೆನ್ಸನ್ನೂ ತಡೆಯುವುದು. ಡಾಂಬರು ರಸ್ತೆಯ ಬದಿಯಲ್ಲಿ ಇಳಿದುಕೊಂಡು, ಮೊಣಕಾಲುದ್ದದ ರಬ್ಬರ್ ಬೂಟು ಮೆಟ್ಟಿ, ಊರೊಳಗೆ ನಡೆದಷ್ಟೇ ನಡೆಯಬೇಕು. ಹೋಗಬೇಕು, ಒಂದು ಕಡೆ ಇಳಿಯಬೇಕು, ಅಲ್ಲಿಯೇ ಇರಬೇಕು. ಇದನ್ನು ಒಪ್ಪಲಾರದವನು ಅಕ್ಟೋಬರಿನಲ್ಲಿಯೇ ಹೋಗಿ ಸಾಲಿನಲ್ಲಿ ನಿಲ್ಲಲಿ.

ಈ ಕಾಲದ ಹವೆಯೂ ಈಚೆಗೆ ಹಿಡಿತ ತಪ್ಪಿರುವುದು. ಚಳಿಗಾಲಗಳು ಮೊದಲಿಗಿಂತ ಬೆಚ್ಚಗಾಗಿ, ಜನವರಿ ಫೆಬ್ರವರಿಗಳ ನಡುವೆಯೇ ನೆಲ ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿ, ಕೆಸರು ಒಂದು ವರ್ಷದಲ್ಲಿ ಎರಡು ಮೂರು ಸಲ ಬರುವಂತಾಗಿದೆ. ಮೇಪಲ್ ಮರಕ್ಕೆ ತೂತು ಕೊರೆಯುವವರು ಹಿಂದಿನವರಿಗಿಂತ ಮುಂಚೆಯೇ ಕಾಡಿಗೆ ಹೋಗಬೇಕಾಗಿದೆ. ಹೋಟೆಲಿನವರ ಪಂಚಾಂಗವು ಇದನ್ನು ಇನ್ನೂ ಗಮನಿಸಿದಂತಿಲ್ಲ. ಆದರೆ ಕೆಲವರು ಕೆಸರಿನಲ್ಲಿಯೂ ವ್ಯಾಪಾರವನ್ನು ಕಂಡು, ಕೆಸರುಗಾಲದ ರಿಯಾಯಿತಿಯೆಂದು ಕೂಗತೊಡಗಿರುವರು. ಬಾಡಿಗೆ ಕಡಿಮೆಯೆಂಬುದಕ್ಕಾಗಿಯೇ ಹೋಗುವವರು ಹೆಚ್ಚಿದರೆ ಪಾಂಫ್ರೆಟ್ಟಿನ ಕಥೆ ಏಪ್ರಿಲಿನಲ್ಲಿಯೂ ನಡೆದೀತು. ಆ ಭಯ ಸದ್ಯಕ್ಕೆ ದೂರವಿದೆ. ಕೆಸರೇ ಅದಕ್ಕೆ ಕಾವಲು.

ಮೇ ಎರಡನೆಯ ವಾರದ ಹೊತ್ತಿಗೆ ನೆಲ ಗಟ್ಟಿಯಾಗಿ, ರಸ್ತೆ ಸಮಮಾಡುವ ಯಂತ್ರ ಬಂದು ಜಾಡುಗಳನ್ನು ಅಳಿಸುವುದು. ಬೀಗ ಹಾಕಿದ ಮನೆಗಳು ತೆರೆಯುವವು. ಅದೇ ವಾರ ಹಳ್ಳಗಳಿಂದ ಕಪ್ಪುನೊಣವೆಂಬ ಕಚ್ಚುವ ಕೀಟಗಳ ದಂಡು ಎದ್ದು, ಜೂನ್ ತಿಂಗಳ ನಡುವಿನವರೆಗೂ ಕಿವಿ ಕತ್ತುಗಳನ್ನು ಬಿಡದೆ ಕಾಡುವುದು. ಅದರ ಪರವಾಗಿ ಲೇಖನ ಬರೆಯಲು ಇದುವರೆಗೆ ಯಾರೂ ಮುಂದೆ ಬಂದಂತಿಲ್ಲ.